ಊರಿನ ರಾತ್ರಿ ರೈಲು, ಜರ್ಮನಿಯ ಹಗಲು ರೈಲು: ಟಿಕೆಟ್ ತೆಗೆಯುವುದರಿಂದ ಇಳಿಯುವವರೆಗೆ

ರೈಲು ಪ್ರಯಾಣದ ತೊಂದರೆಗಳಲ್ಲಿ ಹೆಚ್ಚಿನವು ರೈಲು ಹತ್ತುವ ಮೊದಲೇ ಹುಟ್ಟಿರುತ್ತವೆ. ತಾರೀಖು ತಪ್ಪಿರುತ್ತದೆ, ನಿಲ್ದಾಣ ತಪ್ಪಿರುತ್ತದೆ, ವೇಟಿಂಗ್ ಲಿಸ್ಟಿನ ಲೆಕ್ಕ ತಪ್ಪಿರುತ್ತದೆ. ಇದಕ್ಕೆ ಕಾರಣ, ಟಿಕೆಟ್ಟು ನಮಗೆ ಯಾವುದರ ಹಕ್ಕು ಕೊಟ್ಟಿದೆ ಎಂದು ನಾವು ಪೂರ್ತಿ ಓದದೇ ಇರುವುದು. ನಮ್ಮಲ್ಲಿ ರಿಸರ್ವೇಶನ್ ಟಿಕೆಟ್ ಅಂದರೆ ಇಂಥ ದಿನದ, ಇಂಥ ರೈಲಿನ, ಇಂಥ ಬೋಗಿಯ ಒಂದು ಬರ್ತು. ರೈಲು ತಪ್ಪಿದರೆ ಆ ಹಕ್ಕೂ ಹೋಯಿತು. ಜರ್ಮನಿಯಲ್ಲಿ ಟಿಕೆಟ್ ಅಂದರೆ ಹೋಗುವ ಹಕ್ಕು ಮಾತ್ರ, ಸೀಟು ಅದರಲ್ಲಿ ಸೇರಿಲ್ಲ. ಈ ಎರಡರ ವ್ಯತ್ಯಾಸ ತಲೆಯಲ್ಲಿದ್ದರೆ ಉಳಿದ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ. ಮೊದಲು ನಮ್ಮೂರಿನ ರಾತ್ರಿ ರೈಲನ್ನು ನೋಡೋಣ.

ತಾರೀಖು ಸರಿಯಾಗಿ ಎಣಿಸಿ

2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿ 60 ದಿನ. ಅದಕ್ಕೂ ಮೊದಲು 120 ದಿನ ಇತ್ತು. ಪ್ರಯಾಣದ ದಿನವನ್ನು ಬಿಟ್ಟು ಎಣಿಸಬೇಕು. ಜನವರಿ 14ರ ಸಂಕ್ರಾಂತಿಗೆ ಊರಲ್ಲಿರಬೇಕು ಅಂತ 13ರ ರಾತ್ರಿ ರೈಲು ಹತ್ತುವವರಿಗೆ ನವೆಂಬರ್ 14ರ ಬೆಳಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. ಹಬ್ಬದ ವಾರದ ರಾತ್ರಿ ರೈಲುಗಳಲ್ಲಿ ಒಳ್ಳೆಯ ಬರ್ತುಗಳು ಬೇಗ ಖಾಲಿಯಾಗುವುದರಿಂದ 8ಕ್ಕೆ ಮೊದಲೇ ರೈಲ್ವೆಯ ಟಿಕೆಟ್ ತಾಣ ಐಆರ್‌ಸಿಟಿಸಿಗೆ ಲಾಗಿನ್ ಆಗಿ, ಮನೆಯವರ ಹೆಸರು, ವಯಸ್ಸನ್ನೆಲ್ಲ ಮಾಸ್ಟರ್ ಲಿಸ್ಟಿಗೆ ಸೇರಿಸಿ ಇಟ್ಟುಕೊಳ್ಳಿ. ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಣೆಯನ್ನೂ ವಾರದ ಮೊದಲೇ ಮುಗಿಸಿ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್ ಟಿಕೆಟ್ಟಿಗೆ ಅದು ಕಡ್ಡಾಯ. ಆಮೇಲೆ ಸಾಮಾನ್ಯ ಬುಕಿಂಗ್ ತೆರೆಯುವ ಮೊದಲ ದಿನಕ್ಕೂ ಅದೇ ನಿಯಮ ಬಂತು.

ನಡುರಾತ್ರಿಯ ರೈಲಿನಲ್ಲಿ ಮೋಸ ಹೋಗುವವರು ಬಹಳ. 00:20ಕ್ಕೆ ಹೊರಡುವ ರೈಲಿಗೆ 15ರ ಟಿಕೆಟ್ ಇದ್ದರೆ, ನೀವು ಮನೆಯಿಂದ ಹೊರಡಬೇಕಾದದ್ದು 14ರ ರಾತ್ರಿ ಊಟ ಮುಗಿಸಿ. 15ರ ರಾತ್ರಿ ನಿಲ್ದಾಣಕ್ಕೆ ಹೋದರೆ ನಿಮ್ಮ ರೈಲು ಹೋಗಿ ಹೆಚ್ಚುಕಡಿಮೆ ಒಂದು ದಿನವೇ ಆಗಿರುತ್ತದೆ, ಒಂದು ಪೈಸೆಯೂ ವಾಪಸ್ ಬರುವುದಿಲ್ಲ. ರಾತ್ರಿ 12ರಿಂದ 4ರ ನಡುವಿನ ರೈಲಾದರೆ ತಾರೀಖಿನ ಜೊತೆ ವಾರವನ್ನೂ ಬರೆದುಕೊಳ್ಳಿ: "ಶುಕ್ರವಾರ ರಾತ್ರಿ ಕಳೆದು ಶನಿವಾರ".

ತತ್ಕಾಲ್ ತೆರೆಯುವುದು ಒಂದು ದಿನ ಮೊದಲು. ಎಸಿ ಬೋಗಿಗಳಿಗೆ ಬೆಳಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. ಆದರೆ ಆ ಒಂದು ದಿನದ ಲೆಕ್ಕ ನೀವು ಹತ್ತುವ ಊರಿನದಲ್ಲ, ರೈಲು ಮೊದಲು ಹೊರಡುವ ಊರಿನದು. ದಿಲ್ಲಿಯಿಂದ 10ರ ರಾತ್ರಿ ಹೊರಟ ಕರ್ನಾಟಕ ಎಕ್ಸ್‌ಪ್ರೆಸ್ ನಮ್ಮ ರಾಜ್ಯದೊಳಗೆ ಬರುವುದು 12ಕ್ಕೆ. ಹಾಗಾಗಿ 12ರಂದು ಕಲಬುರಗಿಯಲ್ಲಿ ಹತ್ತುವವರಿಗೂ ತತ್ಕಾಲ್ ತೆರೆಯುವುದು 9ರಂದು. 11ರ ಬೆಳಗ್ಗೆ ಕಾದು ಕೂತವರಿಗೆ ಸಿಗುವುದು ಉಳಿದದ್ದು ಮಾತ್ರ. ಒಂದು ತತ್ಕಾಲ್ ಟಿಕೆಟ್ಟಿನಲ್ಲಿ ನಾಲ್ಕು ಜನಕ್ಕಷ್ಟೇ ಅವಕಾಶ. ಖಚಿತವಾದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಹಣ ವಾಪಸ್ ಇಲ್ಲ. ಹೋಗುವುದು ಗ್ಯಾರಂಟಿ ಇದ್ದಾಗ ಮಾತ್ರ ಅದಕ್ಕೆ ಕೈಹಾಕಿ.

ವೇಟಿಂಗ್ ಲಿಸ್ಟು: ನಂಬರಿಗಿಂತ ಅದರ ಹೆಸರು ಮುಖ್ಯ

"ಜಿಎನ್‌ಡಬ್ಲ್ಯುಎಲ್ 45/ಡಬ್ಲ್ಯುಎಲ್ 12" ಎಂದು ಬಂದರೆ, ಬುಕ್ ಮಾಡಿದಾಗ ನಿಮ್ಮ ಸ್ಥಾನ 45 ಇತ್ತು, ಈಗ 12ಕ್ಕೆ ಇಳಿದಿದೆ ಎಂದು ಅರ್ಥ. ಎಲ್ಲರೂ ಈ 12ನ್ನೇ ದಿಟ್ಟಿಸುತ್ತಾರೆ. ನೋಡಬೇಕಾದದ್ದು ಶುರುವಿನ ಅಕ್ಷರಗಳನ್ನು.

ಜಿಎನ್‌ಡಬ್ಲ್ಯುಎಲ್ ಸಾಮಾನ್ಯ ಪಟ್ಟಿ. ರೈಲು ಹೊರಡುವ ಊರಿನಿಂದ ಅಥವಾ ಅದರ ಹತ್ತಿರದ ನಿಲ್ದಾಣಗಳಿಂದ ಹತ್ತುವವರಿಗೆ ಇದು ಸಿಗುತ್ತದೆ. ಕೋಟಾ ದೊಡ್ಡದಾದ್ದರಿಂದ ರದ್ದತಿಯೂ ಹೆಚ್ಚು, ಪಟ್ಟಿ ಬೇಗ ಕರಗುತ್ತದೆ. ಪಿಕ್ಯೂಡಬ್ಲ್ಯುಎಲ್ ಎಂದರೆ ಹಲವು ಸಣ್ಣ ನಿಲ್ದಾಣಗಳು ಹಂಚಿಕೊಳ್ಳುವ ಒಂದು ಪುಟ್ಟ ಕೋಟಾ. ಆರ್‌ಎಲ್‌ಡಬ್ಲ್ಯುಎಲ್ ದಾರಿ ಮಧ್ಯದ ದೊಡ್ಡ ನಿಲ್ದಾಣಗಳದು. ಈ ಎರಡರಲ್ಲಿ ನಂಬರು 8 ಇದ್ದರೂ ಕೊನೆಗೆ ಸಿಗದೇ ಹೋಗಬಹುದು, ಏಕೆಂದರೆ ಆ ಕೋಟಾದಲ್ಲಿ ಇದ್ದ ಬರ್ತುಗಳೇ ಬೆರಳೆಣಿಕೆಯಷ್ಟು. ತತ್ಕಾಲ್ ವೇಟಿಂಗ್ ಇನ್ನೂ ಕಷ್ಟ. ಹಣ ವಾಪಸ್ ಬರದ ಟಿಕೆಟ್ಟನ್ನು ಯಾರು ಸುಮ್ಮನೆ ರದ್ದು ಮಾಡುತ್ತಾರೆ?

ಇದಕ್ಕೊಂದು ದಾರಿ ಇದೆ, ನಿಯಮದ ಒಳಗಿನದೇ. ನಿಮ್ಮ ಊರಿನಿಂದ ಬರೀ ಪಿಕ್ಯೂ ಪಟ್ಟಿ ತೋರಿಸುತ್ತಿದ್ದರೆ, ಅದೇ ರೈಲಿಗೆ ಹೊರಡುವ ಊರಿನಿಂದ ಟಿಕೆಟ್ ಹುಡುಕಿ. ಅಲ್ಲಿಂದ ಸೀಟಿದ್ದರೆ ಬುಕ್ ಮಾಡಿ, ಬೋರ್ಡಿಂಗ್ ಪಾಯಿಂಟ್ ಎಂದು ನಿಮ್ಮ ಊರನ್ನು ಕೊಡಿ. ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ಸನ್ನು ತುಮಕೂರಿನಲ್ಲಿ ಹತ್ತುವವರು ಬೆಂಗಳೂರಿನಿಂದ ತೆಗೆದುಕೊಂಡಂತೆ. ಬೆಂಗಳೂರಿನಿಂದಲೇ ಲೆಕ್ಕ ಹಾಕಿದ ದರ ಕೊಡಬೇಕಾಗುತ್ತದೆ, ಆದರೆ ಬರ್ತು ನಿಮ್ಮದು. ಬೋರ್ಡಿಂಗ್ ಬದಲಿಸುವುದನ್ನು ಮರೆತರೆ ಮಾತ್ರ ಎಲ್ಲ ಕೆಟ್ಟಿತು. ಬೆಂಗಳೂರು ದಾಟಿದರೂ ನೀವು ಬರಲಿಲ್ಲ ಎಂದು ಟಿಟಿಇ ತಮ್ಮ ಕೈಯಲ್ಲಿರುವ ಯಂತ್ರದಲ್ಲಿ ನಮೂದಿಸಿದರೆ ಆ ಬರ್ತು ಆರ್‌ಎಸಿಯವರಿಗೆ (ಪೂರ್ತಿ ಬರ್ತ್ ಸಿಗದೆ ಹಂಚಿಕೊಂಡು ಕೂತವರಿಗೆ) ಹೋಗುತ್ತದೆ. ಬದಲಿಸಿದ ಮೇಲೆ ಹಳೆಯ ನಿಲ್ದಾಣದಿಂದ ಹತ್ತುವ ಹಕ್ಕು ಇರುವುದಿಲ್ಲ ಎಂಬುದೂ ನೆನಪಿರಲಿ.

ಆರ್‌ಎಸಿ ಬಂದರೆ ಗಾಬರಿ ಬೇಡ. ಹತ್ತುವ ಹಕ್ಕಿದೆ. ಸೈಡ್ ಲೋವರ್ ಬರ್ತನ್ನು ಇಬ್ಬರು ಹಂಚಿಕೊಂಡು ಕೂರಬೇಕು, ಯಾರಾದರೂ ಬರದಿದ್ದರೆ ಪೂರ್ತಿ ಬರ್ತು ಸಿಗುತ್ತದೆ. ಆನ್‌ಲೈನ್ ಟಿಕೆಟ್ಟಿನಲ್ಲಿ ಎಲ್ಲರೂ ವೇಟಿಂಗಲ್ಲೇ ಉಳಿದರೆ ಚಾರ್ಟ್ (ಬರ್ತುಗಳ ಅಂತಿಮ ಪಟ್ಟಿ) ಆದ ಮೇಲೆ ಅದು ತಾನಾಗಿಯೇ ರದ್ದಾಗಿ ಹಣ ಖಾತೆಗೆ ಮರಳುತ್ತದೆ. ಆ ಟಿಕೆಟ್ ಹಿಡಿದು ಸ್ಲೀಪರ್ ಹತ್ತಿದರೆ ಟಿಕೆಟ್ ಇಲ್ಲದವರ ಲೆಕ್ಕ: ಪ್ರಯಾಣ ದರದ ಮೇಲೆ ಕನಿಷ್ಠ 250 ರೂಪಾಯಿ ದಂಡ. ಕೌಂಟರಿನಲ್ಲಿ ತೆಗೆದ ವೇಟಿಂಗ್ ಟಿಕೆಟ್ ತಾನಾಗಿ ರದ್ದಾಗುವುದಿಲ್ಲ. ಅದರ ಹಣಕ್ಕೆ ನೀವೇ ಸಮಯದೊಳಗೆ ರದ್ದು ಮಾಡಿಸಬೇಕು. ಆ ಟಿಕೆಟ್ಟಿನ ಮೇಲೂ ರಿಸರ್ವೇಶನ್ ಬೋಗಿ ಹತ್ತುವಂತಿಲ್ಲ, 2025ರ ಮೇ ತಿಂಗಳಿನಿಂದ ಈ ನಿಯಮವನ್ನು ಬಿಗಿ ಮಾಡಿದ್ದಾರೆ.

ಬರ್ತಿನ ಲೆಕ್ಕ

ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಬರ್ತ್ ನಂಬರನ್ನು 8ರಿಂದ ಭಾಗಿಸಿ, ಉಳಿದದ್ದನ್ನು ನೋಡಿ. 1 ಅಥವಾ 4 ಉಳಿದರೆ ಕೆಳಗಿನದು, 2 ಅಥವಾ 5 ಆದರೆ ನಡುವಿನದು, 3 ಅಥವಾ 6 ಆದರೆ ಮೇಲಿನದು, 7 ಸೈಡ್ ಲೋವರ್, ಏನೂ ಉಳಿಯದಿದ್ದರೆ ಸೈಡ್ ಅಪ್ಪರ್. 45 ಬಂದರೆ 5 ಉಳಿಯಿತು, ಅಂದರೆ ಮಿಡ್ಲ್. ಸೆಕೆಂಡ್ ಎಸಿಯಲ್ಲಿ 6ರಿಂದ ಭಾಗಿಸಿ: 1, 3 ಕೆಳಗೆ, 2, 4 ಮೇಲೆ, 5 ಸೈಡ್ ಲೋವರ್, ಉಳಿಯದಿದ್ದರೆ ಸೈಡ್ ಅಪ್ಪರ್. ಬೋಗಿಯ ಎರಡು ತುದಿಯ ನಂಬರುಗಳು ಶೌಚಾಲಯದ ಪಕ್ಕ ಬೀಳುತ್ತವೆ. ರಾತ್ರಿಯಿಡೀ ಬಾಗಿಲ ಸದ್ದು, ಬೆಳಕು, ವಾಸನೆ ಎಲ್ಲ ಅಲ್ಲಿ ಜಾಸ್ತಿ. ಎತ್ತರದವರು ಸೈಡ್ ಬರ್ತನ್ನು ಬಿಟ್ಟುಬಿಡಿ, ಕಾಲು ಚಾಚಲು ಜಾಗ ಸಾಲದು.

ವಯಸ್ಸಾದ ಅಪ್ಪ ಅಮ್ಮನ ಟಿಕೆಟ್ ತೆಗೆಯುವಾಗ ಇದನ್ನು ಗಮನಿಸಿ. ಕೆಳಗಿನ ಬರ್ತಿಗೇ ಒಂದು ಪ್ರತ್ಯೇಕ ಕೋಟಾ ಇದೆ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಅದು ಅನ್ವಯಿಸುತ್ತದೆ. ಆದರೆ ಒಂದು ಟಿಕೆಟ್ಟಿನಲ್ಲಿ ಒಬ್ಬರು ಅಥವಾ ಇಬ್ಬರು ಮಾತ್ರ ಇರಬೇಕು. ಮನೆಮಂದಿ ಆರು ಜನರನ್ನು ಒಂದೇ ಟಿಕೆಟ್ಟಿಗೆ ಸೇರಿಸಿದಾಗ ಈ ಸೌಲಭ್ಯ ಕೈತಪ್ಪುತ್ತದೆ. ಹಿರಿಯರದ್ದು ಬೇರೆ ಟಿಕೆಟ್ ಮಾಡಿದರೆ ಬೇರೆ ಬೋಗಿ ಬರುವ ಸಂಭವ ಉಂಟು, ಆದರೂ ಮೊಣಕಾಲು ನೋವಿರುವವರನ್ನು ಅಪ್ಪರ್ ಬರ್ತಿಗೆ ಹತ್ತಿಸುವುದಕ್ಕಿಂತ ಅದೇ ಲೇಸು. ಹಿರಿಯ ನಾಗರಿಕರ ದರ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತುಹೋಯಿತು, ಈ ಬರ್ತ್ ಕೋಟಾ ನಿಂತಿಲ್ಲ. ಇನ್ನು ಮಕ್ಕಳು: 5 ವರ್ಷದೊಳಗಿನವರಿಗೆ ಬರ್ತ್ ಬೇಡವಾದರೆ ಟಿಕೆಟ್ ಬೇಕಿಲ್ಲ. 5ರಿಂದ 12ರೊಳಗಿನವರಿಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ತಿ ದರ.

ಹೊರಡುವ ದಿನ

ಚಾರ್ಟ್ ಮೊದಲು ರೈಲು ಹೊರಡುವ 4 ಗಂಟೆ ಮುಂಚೆ ಆಗುತ್ತಿತ್ತು. 2025ರಲ್ಲಿ ಅದನ್ನು ಇನ್ನೂ ಮುಂಚೆಗೆ ತಂದರು. ಬೆಳಗಿನ ರೈಲಿನದು ಹಿಂದಿನ ರಾತ್ರಿಯೇ ಆಗುತ್ತದೆ. ವೇಟಿಂಗ್‌ನಲ್ಲಿದ್ದವರಿಗೆ ಬಸ್ಸಿಗೋ ಬೇರೆ ರೈಲಿಗೋ ಹೋಗಲು ಇದರಿಂದ ಸಮಯ ಸಿಕ್ಕಿದೆ. ಚಾರ್ಟ್ ಆದ ಮೇಲೂ ಉಳಿದ ಬರ್ತುಗಳನ್ನು ಕರೆಂಟ್ ಬುಕಿಂಗ್‌ನಲ್ಲಿ ಮಾರುತ್ತಾರೆ, ಆಮೇಲೆ ರೈಲು ಹೊರಡುವ ಅರ್ಧ ಗಂಟೆ ಮೊದಲು ಎರಡನೇ ಚಾರ್ಟ್ ಬರುತ್ತದೆ. ಕೊನೆ ಗಳಿಗೆಯಲ್ಲಿ ಹೊರಡಬೇಕಾದವರು ಅಲ್ಲಿ ಒಮ್ಮೆ ನೋಡಬೇಕು.

ನಿಲ್ದಾಣದ ಹೆಸರನ್ನು ಅಕ್ಷರ ಬಿಡದೆ ಓದಿ. ಬೆಂಗಳೂರಿನಲ್ಲಿ ಮೆಜೆಸ್ಟಿಕ್ ಪಕ್ಕದ ಕೆಎಸ್‌ಆರ್, ಯಶವಂತಪುರ, ಕಂಟೋನ್ಮೆಂಟ್, ಕೃಷ್ಣರಾಜಪುರ ಸಾಲದೆಂದು 2022ರಿಂದ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಸೇರಿದೆ. "ಬೆಂಗಳೂರು" ಎಂಬ ಒಂದೇ ಮಾತು ನೋಡಿ ಆಟೊ ಹತ್ತಿದವರು ನಗರದ ಇನ್ನೊಂದು ತುದಿಯಲ್ಲಿ ಇಳಿಯುತ್ತಾರೆ. ಸಂಜೆಯ ಟ್ರಾಫಿಕ್ಕಿನಲ್ಲಿ ಆ ತಪ್ಪನ್ನು ತಿದ್ದಿಕೊಳ್ಳಲು ಆಗುವುದಿಲ್ಲ. ಕೋಡ್ ನೋಡುವುದು ಸುಲಭ: ಎಸ್‌ಬಿಸಿ ಎಂದರೆ ಮೆಜೆಸ್ಟಿಕ್, ವೈಪಿಆರ್ ಎಂದರೆ ಯಶವಂತಪುರ, ಎಸ್‌ಎಂವಿಬಿ ಎಂದರೆ ಬೈಯಪ್ಪನಹಳ್ಳಿ.

ಸಾಮಾನು ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಒಬ್ಬರಿಗೆ 40 ಕೆ.ಜಿ., ಸೆಕೆಂಡ್ ಎಸಿಯಲ್ಲಿ 50 ಕೆ.ಜಿ. ಉಚಿತ. ತೂಕಕ್ಕಿಂತ ಎತ್ತರ ನೋಡಿಕೊಳ್ಳಿ. ಬರ್ತಿನ ಕೆಳಗೆ ತೂರದ ಪೆಟ್ಟಿಗೆ ರಾತ್ರಿಯೆಲ್ಲ ದಾರಿಯಲ್ಲೇ ನಿಲ್ಲುತ್ತದೆ. ಗುರುತಿನ ಚೀಟಿ ಅಸಲಿ ಇರಲಿ, ಅಥವಾ ಡಿಜಿಲಾಕರಿನಲ್ಲಿರಲಿ. ಆಧಾರಿನ ಬರೀ ಫೋಟೊ ತೋರಿಸಿದರೆ ನಡೆಯುವುದಿಲ್ಲ.

ಎರಡು ನಿಮಿಷದಲ್ಲಿ ಹತ್ತುವುದು

ಒಂದು ಬೋಗಿ ಸುಮಾರು 24 ಮೀಟರ್ ಉದ್ದ. 22 ಬೋಗಿಯ ರೈಲೆಂದರೆ ಅರ್ಧ ಕಿಲೋಮೀಟರಿಗೂ ಹೆಚ್ಚು. ಸಣ್ಣ ನಿಲ್ದಾಣದಲ್ಲಿ ಅದು ನಿಲ್ಲುವುದು ಎರಡು ನಿಮಿಷ. ನೀವು ಮುಂದಿನ ತುದಿಯಲ್ಲಿದ್ದು ನಿಮ್ಮ ಬೋಗಿ ಹಿಂದಿದ್ದರೆ ಸಾಮಾನು ಹೊತ್ತು ಓಡಿದರೂ ತಲುಪಲಾರಿರಿ. ಹುಬ್ಬಳ್ಳಿಯ 1,507 ಮೀಟರಿನ ಪ್ಲಾಟ್‌ಫಾರ್ಮಿನಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯಲು ಇಪ್ಪತ್ತು ನಿಮಿಷ ಬೇಕು, ಹಾಗಾಗಿ ಅಲ್ಲಿ ರೈಲು ಯಾವ ಭಾಗದಲ್ಲಿ ನಿಲ್ಲುತ್ತದೆ ಎಂದೂ ಕೇಳಿಕೊಳ್ಳಬೇಕು.

ಹೀಗೆ ಮಾಡಿ:

1. ಆ್ಯಪಿನಲ್ಲಿ ಬೋಗಿಗಳ ಸಾಲು ನೋಡಿಕೊಳ್ಳಿ. ಎಸ್ ಎಂದರೆ ಸ್ಲೀಪರ್, ಬಿ ಥರ್ಡ್ ಎಸಿ, ಎಂ ಥರ್ಡ್ ಎಕಾನಮಿ, ಎ ಸೆಕೆಂಡ್ ಎಸಿ, ಎಚ್ ಫಸ್ಟ್ ಎಸಿ.
2. ಪ್ಲಾಟ್‌ಫಾರ್ಮಿನ ಬೋರ್ಡಿನಲ್ಲಿ ನಿಮ್ಮ ಬೋಗಿಯ ಹೆಸರು ಮೂಡುವ ಜಾಗದಲ್ಲಿ ನಿಲ್ಲಿ. ಬೋರ್ಡಿಲ್ಲದ ಕಡೆ ಚಹಾ ಮಾರುವವರನ್ನು, ಹಮಾಲರನ್ನು ಕೇಳಿ. ದಿನಾ ಅದೇ ರೈಲು ನೋಡುವ ಅವರು ಆ್ಯಪಿಗಿಂತ ಸರಿಯಾಗಿ ಹೇಳುತ್ತಾರೆ.
3. ಇಂಜಿನ್ ಯಾವ ಕಡೆಯಿಂದ ಬರುತ್ತದೆ ಎಂದು ಖಚಿತ ಮಾಡಿಕೊಳ್ಳಿ. ದಾರಿಯಲ್ಲಿ ಇಂಜಿನ್ ತಿರುಗಿಸಿದ್ದರೆ ಸಾಲು ತಲೆಕೆಳಗಾಗಿರುತ್ತದೆ.
4. ಬೋಗಿ ದೂರವಾಯಿತೋ, ಎದುರಿಗಿರುವ ಯಾವುದಾದರೂ ಸ್ಲೀಪರ್ ಅಥವಾ ಎಸಿ ಬೋಗಿ ಹತ್ತಿ ಒಳಗಿಂದ ನಡೆದುಹೋಗಿ. ಜನರಲ್ ಬೋಗಿ ಹತ್ತಬೇಡಿ, ಅಲ್ಲಿಂದ ಒಳಗೆ ದಾರಿ ಇರದಿರಬಹುದು, ಇದ್ದರೂ ಕಾಲಿಡಲು ಜಾಗವಿರುವುದಿಲ್ಲ.

ಚಲಿಸುವ ರೈಲಿಗೆ ಕೈ ಚಾಚಬೇಡಿ. ಬರ್ತ್ ಹೋದರೆ ಹೋಗಲಿ.

ರಾತ್ರಿ

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಲಗುವ ಹೊತ್ತು. ಈ ಅವಧಿಯಲ್ಲಿ ಮಿಡ್ಲ್ ಬರ್ತಿನವರು ಬರ್ತ್ ಎತ್ತಿದರೆ ಕೆಳಗಿನವರು ಬೇಡವೆನ್ನುವಂತಿಲ್ಲ. ಹಾಗೆಯೇ 6ರ ನಂತರ ಅದನ್ನು ಇಳಿಸಿ ಎಂದರೆ ಇಳಿಸಬೇಕು. ಕೂತು ಊಟ ಮಾಡುವುದಿದ್ದರೆ ಒಂಬತ್ತೂವರೆಯೊಳಗೆ ಮುಗಿಸಿಕೊಳ್ಳಿ, ಆಗ ಯಾರಿಗೂ ಜಗಳಕ್ಕೆ ಕಾರಣವಿರುವುದಿಲ್ಲ.

ಮಿಡ್ಲ್ ಬರ್ತ್ ಎತ್ತುವಾಗ ಅವಸರ ಮಾಡಬೇಡಿ. ಹಗಲಲ್ಲಿ ಬೆನ್ನಿಗೆ ಒರಗುವ ಹಲಗೆಯೇ ಅದು. ಗೋಡೆಯ ಕಡೆ ಕೀಲಿದೆ, ಹೊರಗಿನ ಅಂಚನ್ನು ಮೇಲಿನಿಂದ ಇಳಿಬಿದ್ದ ಎರಡು ಸರಪಳಿಗಳು ಹಿಡಿಯುತ್ತವೆ. ಒಬ್ಬರು ಹಲಗೆಯನ್ನು ಅಂಗೈಯಿಂದ ಎತ್ತಿ ಹಿಡಿಯಲಿ, ಇನ್ನೊಬ್ಬರು ಕೊಕ್ಕೆ ಹಾಕಲಿ. ಒಂದು ಬದಿಯ ಕೊಕ್ಕೆ ಪೂರ್ತಿ ಕೂತ ಮೇಲೆ ಇನ್ನೊಂದು. ನಂತರ ಎರಡೂ ತುದಿಯನ್ನು ಕೈಯಿಂದ ಬಲವಾಗಿ ಕೆಳಕ್ಕೆ ಎಳೆದು ನೋಡಿ. ಕೊಕ್ಕೆ ಬರೀ ಅಂಚಿಗೆ ಸಿಕ್ಕಿದ್ದರೆ ಎಳೆದಾಗಲೇ ಜಾರುತ್ತದೆ, ಹಾಗೆ ಜಾರಿದರೆ ಒಳ್ಳೆಯದೇ ಆಯಿತು. ಮನುಷ್ಯ ಮಲಗಿದ ಮೇಲೆ ರೈಲಿನ ಕುಲುಕಾಟಕ್ಕೆ ಜಾರಿದರೆ ಕೆಳಗಿದ್ದವರ ತಲೆ, ಕುತ್ತಿಗೆಯ ಮೇಲೆ ಬೀಳುತ್ತದೆ. ಅಂಥ ಅವಘಡಗಳು ಆಗಿವೆ. ಹಾಗಾಗಿ ಈ ಪರೀಕ್ಷೆಯನ್ನು ಕೆಳಗೆ ಮಲಗುವವರೂ ತಾವೇ ಒಮ್ಮೆ ಮಾಡಬೇಕು.

ಎಸಿಯಲ್ಲಿ ಹೊದಿಕೆ, ದಿಂಬು ಕೊಡುತ್ತಾರೆ, ಸ್ಲೀಪರಿನಲ್ಲಿ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಅರಸೀಕೆರೆ, ಬೀರೂರು ಕಡೆ ಬೆಳಗಿನ ಜಾವ ಕಿಟಕಿಯ ಸಂದಿನಿಂದ ಬರುವ ಗಾಳಿಗೆ ಒಂದು ಶಾಲು ಸಾಲದು, ದಪ್ಪನೆಯ ಹೊದಿಕೆಯೇ ಬೇಕು. ಲೋವರ್ ಬರ್ತಿನ ಕೆಳಗೆ ಸರಪಳಿ ಕಟ್ಟಲು ಕಬ್ಬಿಣದ ಬಳೆಗಳಿವೆ, ಚೀಲಕ್ಕೆ ಅಲ್ಲಿ ಬೀಗ ಹಾಕಿ. ಫೋನನ್ನು ಮಲಗುವ ಮೊದಲೇ ಚಾರ್ಜ್ ಮಾಡಿಕೊಳ್ಳಿ, ಬೆಂಕಿ ಅನಾಹುತ ತಡೆಯಲು ರಾತ್ರಿ 11ರಿಂದ 5ರವರೆಗೆ ಚಾರ್ಜಿಂಗ್ ಪಾಯಿಂಟ್ ಆಫ್ ಮಾಡುವ ಕ್ರಮವಿದೆ. ಕಿಟಕಿ ಪಕ್ಕ ಚಾರ್ಜಿಗೆ ಹಾಕಿಟ್ಟು ಮಲಗಿದ ಫೋನು ನಿಲ್ದಾಣದಲ್ಲಿ ಹೊರಗಿನ ಕೈಗೆ ಸಿಗುವಂಥದ್ದು. ಅಸ್ವಸ್ಥತೆ, ಕಳ್ಳತನ, ಕಿರುಕುಳ ಏನೇ ಆದರೂ 139ಕ್ಕೆ ಕರೆ ಮಾಡಿ, ಇಲ್ಲವೇ ರೈಲ್ವೆಯ ದೂರಿನ ಆ್ಯಪ್ ರೈಲ್‌ಮದದ್‌ನಲ್ಲಿ ಟಿಕೆಟ್ಟಿನ ಪಿಎನ್‌ಆರ್ ನಂಬರು ಹಾಕಿ ದೂರು ಕೊಡಿ.

ಇಳಿಯುವ ಊರು ನಸುಕಿನಲ್ಲಿ ಬರುವುದಾದರೆ ಬರೀ ಲೊಕೇಶನ್ ಆ್ಯಪನ್ನು ನಂಬಬೇಡಿ. ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಕುಂದಾಪುರ, ಕಾರವಾರದ ಕಡೆ ಹೋಗುವವರಿಗೆ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ವರೆಗಿನ ಸುಮಾರು 55 ಕಿ.ಮೀ. ಘಾಟಿ ಸಿಗುತ್ತದೆ. 57 ಸುರಂಗಗಳು, ಕಡಿದಾದ ಇಳಿಜಾರು, ರೈಲು ಬಹಳ ನಿಧಾನ, ಸಿಗ್ನಲ್ ಹೆಚ್ಚಿನ ಕಡೆ ಇಲ್ಲ. ಫೋನು ಎಲ್ಲಿದ್ದೇವೆ ಎನ್ನುವುದನ್ನೇ ಮರೆತಿರುತ್ತದೆ. ಗಡಿಯಾರದ ಅಲಾರಂ ಅರ್ಧ ಗಂಟೆ ಮುಂಚೆಗೆ ಇಡಿ.

ರೈಲೇ ಕೈಕೊಟ್ಟರೆ

ರೈಲು ಪೂರ್ತಿ ರದ್ದಾದರೆ ಆನ್‌ಲೈನ್ ಟಿಕೆಟ್ಟಿನ ಹಣ ತಾನಾಗಿ ಬರುತ್ತದೆ. ನೀವು ಹತ್ತುವ ನಿಲ್ದಾಣಕ್ಕೆ 3 ಗಂಟೆಗಿಂತ ಹೆಚ್ಚು ತಡವಾಗಿ, ನೀವು ಹೋಗದಿರಲು ತೀರ್ಮಾನಿಸಿದರೆ ಪೂರ್ತಿ ಹಣ ಸಿಗುತ್ತದೆ. ಆದರೆ ಆ ರೈಲು ನಿಜವಾಗಿ ಹೊರಡುವ ಮೊದಲೇ ಟಿಡಿಆರ್ (ಹಣ ವಾಪಸ್ ಕೇಳುವ ಅರ್ಜಿ) ಹಾಕಿರಬೇಕು. ಮನೆಗೆ ಹೋಗಿ ನಾಳೆ ಹಾಕಿದರೆ ತಿರಸ್ಕಾರವಾಗುತ್ತದೆ. ಹೊತ್ತಿನ ಸಾಕ್ಷಿಗೆ ರೈಲಿನ ಸ್ಥಿತಿ ತೋರಿಸುವ ಪರದೆಯ ಚಿತ್ರ ತೆಗೆದಿಡಿ.

ಜರ್ಮನಿಯಲ್ಲಿ ಲೆಕ್ಕವೇ ಬೇರೆ

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವಿರುವುದರಿಂದ ಓದಲು, ಕೆಲಸಕ್ಕೆ, ಮಕ್ಕಳನ್ನು ನೋಡಲು ಹೋಗುವ ಕನ್ನಡಿಗರಿಗೆ ಮೊದಲು ಎದುರಾಗುವ ರೈಲು ಆ ವಿಮಾನ ನಿಲ್ದಾಣದ್ದೇ. ಅಲ್ಲೂ ಎರಡು ರೈಲು ನಿಲ್ದಾಣಗಳಿವೆ. ನಗರದೊಳಗೆ ಹೋಗುವ ಲೋಕಲ್ ರೈಲಿಗೆ ರೆಗಿಯೊನಾಲ್‌ಬಾನ್‌ಹೋಫ್, ದೂರದ ಊರುಗಳಿಗೆ ಹೋಗುವ ವೇಗದ ರೈಲು ಐಸಿಇಗೆ ಫರ್ನ್‌ಬಾನ್‌ಹೋಫ್. ಒಂದರಿಂದ ಇನ್ನೊಂದಕ್ಕೆ ಪೆಟ್ಟಿಗೆ ಎಳೆದುಕೊಂಡು ನಡೆಯಬೇಕು, ಆದ್ದರಿಂದ ಟಿಕೆಟ್ಟಿನ ಮೇಲೆ ಯಾವುದಿದೆ ಎಂದು ನೋಡಿಯೇ ಹೆಜ್ಜೆ ಇಡಿ.

ದೂರದ ರೈಲಿನ ಟಿಕೆಟ್ ಮುಖ್ಯವಾಗಿ ಎರಡು ಬಗೆ. ಫ್ಲೆಕ್ಸ್‌ಪ್ರೈಸ್ ದುಬಾರಿ, ಆ ದಿನದ ಯಾವ ರೈಲಿಗಾದರೂ ಸಲ್ಲುತ್ತದೆ. ಸ್ಪಾರ್‌ಪ್ರೈಸ್ ಅಗ್ಗ, ಆದರೆ ಹೇಳಿದ ರೈಲಿನಲ್ಲೇ ಹೋಗಬೇಕು. ಅದರಲ್ಲೂ ಸೂಪರ್ ಸ್ಪಾರ್‌ಪ್ರೈಸ್ ರದ್ದು ಮಾಡಲಾಗದು. ವಿಮಾನ ಇಳಿದ ದಿನವೇ ಸ್ಪಾರ್‌ಪ್ರೈಸ್ ತೆಗೆದುಕೊಂಡರೆ, ವಿಮಾನ ತಡವಾದಾಗ ಆ ಟಿಕೆಟ್ ವ್ಯರ್ಥ. ಆ ದಿನಕ್ಕೆ ಫ್ಲೆಕ್ಸ್‌ಪ್ರೈಸಿನ ಹೆಚ್ಚುವರಿ ಹಣ ದಂಡವಲ್ಲ.

ಯಾವುದನ್ನು ಕೊಂಡರೂ ಎರಡನೇ ದರ್ಜೆಯಲ್ಲಿ ಸೀಟಿಗೆ ಬೇರೆ ಹಣ ಕೊಡಬೇಕು. ಕೊಡದಿದ್ದರೂ ಹತ್ತಬಹುದು, ನಿಂತೇ ಹೋಗಬೇಕಾದರೆ ಅದಕ್ಕೂ ಸಿದ್ಧರಿರಬೇಕು. ಸೀಟಿನ ಮೇಲೆ ಅಥವಾ ಪಕ್ಕದ ಪುಟ್ಟ ಪರದೆಯಲ್ಲಿ ಊರಿನ ಹೆಸರುಗಳಿದ್ದರೆ, ಆ ಎರಡು ಊರುಗಳ ನಡುವೆ ಅದು ಇನ್ನೊಬ್ಬರದ್ದು. ಅದರಾಚೆ ಖಾಲಿ. ಕಾಯ್ದಿರಿಸಿದವರು ರೈಲು ಹೊರಟ 15 ನಿಮಿಷದೊಳಗೆ ಬಂದು ಕೂರದಿದ್ದರೆ ಹಕ್ಕು ಹೋಗುತ್ತದೆ. ಊರಿಂದ ಬಂದ ತಂದೆ ತಾಯಿ ಜೊತೆಗಿದ್ದರೆ ಆ ಕೆಲವು ಯೂರೊ ಉಳಿಸಲು ಹೋಗಬೇಡಿ.

ಪ್ಲಾಟ್‌ಫಾರ್ಮಿನ ಹೆಸರು ಗ್ಲೈಸ್. ಅದನ್ನು ಎ, ಬಿ, ಸಿ ಎಂದು ಭಾಗ ಮಾಡಿರುತ್ತಾರೆ. ನಿಮ್ಮ ಬೋಗಿ ನಂಬರಿಗೆ ಯಾವ ಅಕ್ಷರ ಎಂದು ಬೋರ್ಡಿನಲ್ಲಿ ನೋಡಿ ಅಲ್ಲೇ ನಿಲ್ಲಿ. ಬೋಗಿಗಳ ಸಾಲು ತಿರುಗಿದೆ, ಗ್ಲೈಸ್ ಬದಲಾಗಿದೆ ಎಂಬ ಸೂಚನೆ ಕೊನೆಯ ಐದು ನಿಮಿಷದಲ್ಲಿ ಬರುವುದು ಅಲ್ಲಿ ಮಾಮೂಲು, ಬೋರ್ಡಿನಿಂದ ಕಣ್ಣು ತೆಗೆಯಬೇಡಿ. ಬಾಗಿಲು ತಾನಾಗಿ ತೆರೆಯುವುದಿಲ್ಲ. ಗುಂಡಿಯ ಸುತ್ತ ದೀಪ ಹೊತ್ತಿದ ಮೇಲೆ ಒತ್ತಿ. ಒಳಗಿಂದ ಇಳಿಯುವಾಗಲೂ ಹಾಗೆಯೇ. ಯಾರೋ ತೆರೆಯುತ್ತಾರೆ ಎಂದು ಕಾದು ನಿಂತರೆ ರೈಲು ಹೊರಟೇಬಿಡುತ್ತದೆ.

ಕೆಲವು ರೈಲುಗಳು ದಾರಿಯಲ್ಲಿ ಎರಡಾಗುತ್ತವೆ. ಬರ್ಲಿನ್ನಿಂದ ಪಶ್ಚಿಮಕ್ಕೆ ಬರುವ ಹಲವು ಐಸಿಇಗಳು ಹಾಮ್ ಎಂಬ ನಿಲ್ದಾಣದಲ್ಲಿ ಬೇರ್ಪಟ್ಟು ಬೇರೆ ಬೇರೆ ಮಾರ್ಗ ಹಿಡಿಯುತ್ತವೆ. ನಮ್ಮಲ್ಲಿ ಬೋಗಿ ತಪ್ಪಿದರೆ ಒಳಗಿಂದ ನಡೆದುಬಿಡಬಹುದು, ಅಲ್ಲಿ ಜೋಡಿಸಿದ ಎರಡು ಭಾಗಗಳ ನಡುವೆ ದಾರಿಯೇ ಇಲ್ಲ. ಹತ್ತುವ ಬಾಗಿಲ ಪಕ್ಕದ ಪರದೆಯಲ್ಲಿ ನಿಮ್ಮ ಊರಿನ ಹೆಸರಿದೆಯೇ ನೋಡಿ.

ರೈಲು ಬದಲಿಸುವ ಪ್ರಯಾಣದಲ್ಲಿ ಜರ್ಮನ್ ರೈಲ್ವೆಯ ಡಿಬಿ ನ್ಯಾವಿಗೇಟರ್ ಆ್ಯಪ್ 7, 8 ನಿಮಿಷದ ಅಂತರವನ್ನೂ ತೋರಿಸುತ್ತದೆ. ತಡವಾಗುವುದು ಸಾಮಾನ್ಯವಾದ್ದರಿಂದ ಸೆಟ್ಟಿಂಗಿನಲ್ಲಿ ಕನಿಷ್ಠ ಅಂತರವನ್ನು 20 ನಿಮಿಷಕ್ಕೆ ಏರಿಸಿ ಹುಡುಕಿ. ತಲುಪುವುದು 20 ನಿಮಿಷ ಅಥವಾ ಹೆಚ್ಚು ತಡವಾಗುವುದು ಕಂಡುಬಂದರೆ ಸ್ಪಾರ್‌ಪ್ರೈಸ್ ಟಿಕೆಟ್ಟಿಗೂ ರೈಲಿನ ನಿರ್ಬಂಧ ಸಡಿಲವಾಗುತ್ತದೆ, ಮುಂದಿನದು ಹತ್ತಬಹುದು. ತಲುಪುವಾಗ 60 ನಿಮಿಷ ತಡವಾದರೆ ದರದ 25 ಶೇಕಡಾ, 120 ನಿಮಿಷವಾದರೆ 50 ಶೇಕಡಾ ಪರಿಹಾರ. ಅರ್ಜಿಗೆ ಮೂರು ತಿಂಗಳು ಸಮಯವಿದೆ. ಆ್ಯಪಿನಲ್ಲೇ ಕೊಂಡ ಟಿಕೆಟ್ಟಾದರೆ ಅಲ್ಲಿಂದಲೇ ಹಾಕಬಹುದು.

ವಿದ್ಯಾರ್ಥಿಗಳು ಹೆಚ್ಚಾಗಿ ಹಿಡಿಯುವುದು ಡಾಯ್ಚ್‌ಲಾಂಡ್ ಟಿಕೆಟ್. 2023ರ ಮೇ ತಿಂಗಳಲ್ಲಿ ತಿಂಗಳಿಗೆ 49 ಯೂರೊ ಇದ್ದದ್ದು 2025ರಲ್ಲಿ 58, 2026ರ ಜನವರಿಯಿಂದ 63 ಆಗಿದೆ. ದೇಶದ ಎಲ್ಲ ಲೋಕಲ್, ಪ್ರಾದೇಶಿಕ ರೈಲು, ಬಸ್ಸು, ಟ್ರಾಮಿಗೆ ನಡೆಯುತ್ತದೆ, ದೂರದ ರೈಲುಗಳಾದ ಐಸಿಇ, ಐಸಿಗೆ ನಡೆಯುವುದಿಲ್ಲ. ಗೊತ್ತಿಲ್ಲದೆ ಐಸಿಇ ಹತ್ತಿದವರೂ ಟಿಕೆಟ್ ಇಲ್ಲದವರೇ, ದಂಡ ಕನಿಷ್ಠ 60 ಯೂರೊ. ಹೆಸರಿನ ಮೇಲಿರುವ ಟಿಕೆಟ್ಟಾದ್ದರಿಂದ ಜೊತೆಗೆ ಫೋಟೊ ಇರುವ ಗುರುತಿನ ಚೀಟಿ ಬೇಕು, ಇನ್ನೊಬ್ಬರಿಗೆ ಕೊಡುವಂತಿಲ್ಲ. ಅದು ಪ್ರತಿ ತಿಂಗಳೂ ತಾನಾಗಿ ಮುಂದುವರಿಯುವ ಚಂದಾ. ರಜೆಗೆ ಊರಿಗೆ ಬರುವವರು ಹಿಂದಿನ ತಿಂಗಳ 10ನೇ ತಾರೀಖಿನೊಳಗೆ ನಿಲ್ಲಿಸದಿದ್ದರೆ, ಅಲ್ಲಿ ಇಲ್ಲದ ತಿಂಗಳಿಗೂ ಖಾತೆಯಿಂದ ಹಣ ಕಡಿತವಾಗುತ್ತದೆ.